ಪ್ರತಿಕ್ರಿಯೆ: ಯಕೃತ್ತಿನ ಕಸಿಯ ನಂತರ ಇಲಿಗಳಲ್ಲಿ ಆರ್ಜಿನಿನ್ ಕುಸಿತ
ಯಕೃತ್ತಿನ ಕಸಿಯಾದ ನಿಮ್ಮ ಇಲಿಗಳ ಪ್ಲಾಸ್ಮಾದಲ್ಲಿ (ರಕ್ತದ ದ್ರವಭಾಗದಲ್ಲಿ) ಆರ್ಜಿನಿನ್ ಎಂಬ ಅಮೈನೋ ಆಮ್ಲ ಕುಸಿದು ಆರ್ನಿಥಿನ್ ಏರಿರುವುದು ಏಕೆಂದು ಕೇಳಿದ್ದೀರಿ. ಇದಕ್ಕೆ ಬಹುಮಟ್ಟಿಗೆ ಕಾರಣ, ರಕ್ತಸಂಚಾರ ಮರಳಿದಾಗ ಘಾಸಿಗೊಂಡ ಯಕೃತ್ತಿನ ಕೋಶಗಳಿಂದ ಸೋರುವ, ಆರ್ಜಿನಿನ್ ಅನ್ನು ಒಡೆದು ಆರ್ನಿಥಿನ್ ಮಾಡುವ ಆರ್ಜಿನೇಸ್ ಕಿಣ್ವ. ಆದರೆ ಆ ಕಿಣ್ವ ರಕ್ತ ತೆಗೆದಿಟ್ಟ ಕೊಳವೆಯೊಳಗೂ ಕೆಲಸ ನಿಲ್ಲಿಸುವುದಿಲ್ಲವಾದ್ದರಿಂದ, ಮಾದರಿಗಳನ್ನು ಮೈಸೂರಿನಿಂದ ಮಂಡ್ಯಕ್ಕೆ ಮಂಜುಗಡ್ಡೆಯಿಲ್ಲದೆ ಒಯ್ದ ಆ ಒಂದು ಗಂಟೆಯಲ್ಲೂ ಆರ್ಜಿನಿನ್ ಕಡಿಮೆಯಾಗಿರಬಹುದು; ಇಲಿಯ ದೇಹದಲ್ಲಿ ಎಷ್ಟು, ಕೊಳವೆಯಲ್ಲಿ ಎಷ್ಟು ಕುಸಿಯಿತೆಂದು ಈಗಿನ ಅಂಕಿಗಳಿಂದ ಹೇಳಲಾಗದು. ಹೊಸ ಕಸಿ ಮಾಡುವ ಮೊದಲು, ಒಂದೊಂದು ಇಲಿಯ ಜೀವವೂ ಅಮೂಲ್ಯವಾದ್ದರಿಂದ, ಇದನ್ನು ಇತ್ಯರ್ಥ ಮಾಡಿಕೊಳ್ಳಿ. ಈಗಿರುವ ಕಸಿಯ ಇಲಿಯೊಂದರ ರಕ್ತವನ್ನು ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುವ ಕೊಳವೆಗೆ ತೆಗೆದು, ಕೂಡಲೇ ಮಂಜುಗಡ್ಡೆಯಲ್ಲಿಟ್ಟು, 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಂಟ್ರಿಫ್ಯೂಜ್ ಮಾಡಿ (ವೇಗವಾಗಿ ತಿರುಗಿಸಿ) ಪ್ಲಾಸ್ಮಾ ಬೇರ್ಪಡಿಸಿ. ಪ್ಲಾಸ್ಮಾದ ಒಂದು ಪಾಲಿಗೆ ಅಲ್ಲಿಯೇ ಸಲ್ಫೋಸ್ಯಾಲಿಸಿಲಿಕ್ ಆಮ್ಲ ಬೆರೆಸಿ. ಒಡೆದ ಹಾಲಿನಂತೆ ಬಿಳಿಯ ಪ್ರೋಟೀನ್ ಬೇರ್ಪಡುತ್ತದೆ, ಅದರೊಂದಿಗೆ ಕಿಣ್ವವೂ ನಿಲ್ಲುತ್ತದೆ. ಇನ್ನೊಂದು ಪಾಲನ್ನು ಮಂಜುಗಡ್ಡೆಯಿಲ್ಲದೆ ಹೊರಗಿಟ್ಟು, ಒಂದು ಗಂಟೆಯ ನಂತರ ಆಮ್ಲ ಬೆರೆಸಿ. ಎರಡನೆಯದರಲ್ಲಿ ಮಾತ್ರ ಆರ್ಜಿನಿನ್ ಕಡಿಮೆಯಿದ್ದರೆ ಹಳೆಯ ಅಂಕಿಗಳನ್ನು ಕೈಬಿಡಬೇಕಾಗುತ್ತದೆ.