ಬೆಂಕಿಯುಂಡೆ ಒಂದೇ ಸಾಕೇ?

ಪ್ರಶ್ನೆ: ನಾವು ಆನ್‌ಲೈನ್ ರೋಲ್‌ಪ್ಲೇಯಿಂಗ್ ಗೇಮ್ ಮಾಡುತ್ತಿದ್ದೇವೆ. ಎಲ್ಲರೂ ಬೆಂಕಿಯುಂಡೆ ಮಂತ್ರವನ್ನೇ ಬಳಸುತ್ತಾರೆ. ಮನಾ (ಮಂತ್ರ ಹಾಕಲು ಬೇಕಾದ ಶಕ್ತಿ) ಖರ್ಚು ಏರಿಸಿದರೆ ಸಾಕೇ?

ಉತ್ತರ: ಸಾಲದು. ಅದೇ ಮಂತ್ರವನ್ನು ಕಡಿಮೆ ಸಲ ಹಾಕುತ್ತಾರೆ, ಅಷ್ಟೇ. ನಾನಾದರೆ ಮೊದಲು ಮಂತ್ರ ಹೇಳುವ ಸಮಯವನ್ನು ಬದಲಿಸುತ್ತೇನೆ. ಎರಡು ಸೆಕೆಂಡ್ ನಿಂತಲ್ಲೇ ನಿಲ್ಲಬೇಕು, ಏಟು ಬಿದ್ದರೆ ಮಂತ್ರ ಕೆಡಬೇಕು. ಆಗ ಬೇಗ ಮುಗಿಯುವ ಪುಟ್ಟ ಮಂತ್ರಗಳಿಗೂ ಕೆಲಸ ಸಿಗುತ್ತದೆ, ಕಾಯಲು ಗೆಳೆಯನೂ ಬೇಕಾಗುತ್ತಾನೆ. ಜೊತೆಯಾಗಿ ಆಡುವ ಸೊಗಸೇ ಅದು, ಅಲ್ವಾ? 1997ರ ಅಲ್ಟಿಮಾ ಆನ್‌ಲೈನ್ ಎಂಬ ಗೇಮ್‌ನಲ್ಲಿ ಮಂತ್ರ ಹಾಕಲು ಮನಾ ಜೊತೆ ಬೆಳ್ಳುಳ್ಳಿ, ಕಪ್ಪು ಮುತ್ತಿನಂಥ ಸಾಮಗ್ರಿಯೂ ಖರ್ಚಾಗುತ್ತಿತ್ತು. ನನಗದು ತುಂಬ ಇಷ್ಟ. ಹೊರಡುವ ಮೊದಲೇ ಚೀಲ ನೋಡಿ ಲೆಕ್ಕ ಹಾಕಬೇಕು.

ಇನ್ನೊಂದು ಮಾತು. ಮಂತ್ರ ತಗುಲಿತೋ ಇಲ್ಲವೋ ಎಂಬ ತೀರ್ಮಾನ ಆಟಗಾರನ ಕಂಪ್ಯೂಟರ್‌ನದಲ್ಲ, ಸರ್ವರ್‌ನದೇ (ಗೇಮ್ ನಡೆಸುವ ನಿಮ್ಮ ಕಂಪ್ಯೂಟರ್‌ನದೇ) ಇರಲಿ, ಇಲ್ಲದಿದ್ದರೆ ಮೋಸ ಶುರುವಾಗುತ್ತದೆ. ಪಾತ್ರದ ಕೈಚಲನೆ, ಸದ್ದು ಮಾತ್ರ ಬಟನ್ ಒತ್ತಿದ ತಕ್ಷಣ ಬರಲಿ.