ವೈನ್‌ನಲ್ಲಿ ಸಲ್ಫೈಟ್ (ಸಂರಕ್ಷಕವಾಗಿ ಹಾಕುವ ಗಂಧಕದ ಸಂಯುಕ್ತ) ಕಡಿಮೆ ಮಾಡಿದರೂ ಕೆಡದಂತೆ ಇಡುವುದು ಹೇಗೆ?

ಮೊದಲು ಪಿಎಚ್ ಇಳಿಸಿ, ಅಂದರೆ ಹುಳಿ ಹೆಚ್ಚಿಸಿ. ಹಾಕಿದ ಸಲ್ಫೈಟೆಲ್ಲ ಕೆಲಸ ಮಾಡುವುದಿಲ್ಲ; ಸೂಕ್ಷ್ಮಜೀವಿಗಳನ್ನು ತಡೆಯುವುದು ಸಲ್ಫರ್ ಡೈಆಕ್ಸೈಡ್ ಅಣುವಾಗಿಯೇ ಉಳಿದ ಸಣ್ಣ ಪಾಲು. ಪಿಎಚ್ 3.2ರಲ್ಲಿ ಆ ಪಾಲು ಮುಕ್ತ ಸಲ್ಫೈಟಿನ (ಬೇರೆ ಪದಾರ್ಥಗಳಿಗೆ ಅಂಟಿಕೊಳ್ಳದೆ ಉಳಿದದ್ದರ) ಸುಮಾರು 4%, 3.5ರಲ್ಲಿ 2%, 3.8ರಲ್ಲಿ ಬರೀ 1%. ಹಾಗಾಗಿ ಬಿಳಿ ವೈನ್‌ಗೆ ಬೇಕಾದ ಈ ಅಣುರೂಪದ ಪಾಲು ಲೀಟರಿಗೆ 0.8 ಮಿಲಿಗ್ರಾಂ ಸಿಗಲು 3.2ರಲ್ಲಿ ಸುಮಾರು 20 ಮಿಲಿಗ್ರಾಂ ಮುಕ್ತ ಸಲ್ಫೈಟ್ ಸಾಕು, 3.8ರಲ್ಲಿ ಹೆಚ್ಚುಕಡಿಮೆ 80 ಬೇಕು!

ವಿಜಯಪುರದಂಥ ಬಿಸಿಲೂರಿನ ದ್ರಾಕ್ಷಿಯಲ್ಲಿ ಹುಳಿ ಬೇಗ ಇಳಿಯುತ್ತದೆ. ಹುದುಗುವ ಮೊದಲೇ ರಸಕ್ಕೆ ಲೀಟರಿಗೆ 1 ಗ್ರಾಂ ಟಾರ್ಟಾರಿಕ್ ಆಮ್ಲ ಬೆರೆಸಿದರೆ ಪಿಎಚ್ ಸುಮಾರು 0.1 ಇಳಿಯುತ್ತದೆ. ಕೊಳೆತ ಹಣ್ಣು ಆರಿಸಿ ತೆಗೆಯಿರಿ, ಅದು ಸಲ್ಫೈಟನ್ನು ಕಟ್ಟಿಹಾಕುತ್ತದೆ. ಪೀಪಾಯಿಯಲ್ಲಿ ಗಾಳಿಗೆ ಜಾಗ ಬಿಡಬೇಡಿ. ಪೂರ್ತಿ ಸೊನ್ನೆ ಮಾತ್ರ ಕಷ್ಟ: ಹುದುಗುವಾಗ ಯೀಸ್ಟೇ ಒಂದಿಷ್ಟು ಸಲ್ಫೈಟ್ ತಯಾರಿಸುತ್ತದೆ.