ಹಾಡು ಹಾಡಿನ ನಡುವೆ ಸದ್ದು ಕಡಿಯುವುದಕ್ಕೆ

ಹಾಡು ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ಕೊಂಡ ಆಲ್ಬಮ್‌ನಲ್ಲಿ ಪ್ರತಿ ಹಾಡು ಮುಗಿದಾಗ ಸದ್ದು ಕಡಿಯುತ್ತದೆ ಅಂದಿರಲ್ಲ, ಅದಕ್ಕೆ ಬಹುಶಃ ಎಂಪಿ3 ಕಾರಣ, ಕಲಾವಿದರ ತಪ್ಪಲ್ಲ. ಎಂಪಿ3 ಮಾಡುವಾಗ ಹಾಡಿನ ಹಿಂದೆ ಮುಂದೆ ಸದ್ದಿಲ್ಲದ ಒಂಚೂರು ಖಾಲಿ ಜಾಗ ಸೇರಿಕೊಳ್ಳುತ್ತದೆ.

ಬ್ಯಾಂಡ್‌ಕ್ಯಾಂಪ್‌ನಲ್ಲಿ ನಿಮ್ಮ ಕಲೆಕ್ಷನ್‌ಗೆ, ಅಂದರೆ ನೀವು ಕೊಂಡ ಆಲ್ಬಮ್‌ಗಳ ಪಟ್ಟಿಗೆ ಹೋಗಿ ಅದೇ ಆಲ್ಬಮ್ಮನ್ನು ಫ್ಲ್ಯಾಕ್‌ನಲ್ಲಿ (ಹೀಗೆ ಖಾಲಿ ಜಾಗ ಸೇರದ ಇನ್ನೊಂದು ಬಗೆಯ ಹಾಡಿನ ಫೈಲ್) ಮತ್ತೆ ಇಳಿಸಿಕೊಳ್ಳಿ. ಇನ್ನೊಮ್ಮೆ ದುಡ್ಡು ಕೊಡಬೇಕಿಲ್ಲ. ಫೈಲ್ ಜಾಸ್ತಿ ದೊಡ್ಡದು, ವೈಫೈ ಇರುವಲ್ಲಿ ಇಳಿಸಿ. ಆಮೇಲೆ ಫೂಬಾರ್2000 ಆ್ಯಪ್‌ನಲ್ಲಿ ಕೇಳಿ, ಅದು ನಡುವೆ ಬಿಡುವಿಲ್ಲದೆ ನುಡಿಸುತ್ತದೆ. ವಿಜಯಪುರದಲ್ಲಿ ನಾನು ಇಂಥದೇ ಒಂದು ಆಲ್ಬಮ್ ಹೀಗೆ ಕೇಳಿದಾಗ, ತಂಬೂರಿ ನಾದ ನಮ್ಮ ಗೋಲಗುಮ್ಮಟದೊಳಗಿನ ದನಿಯ ಹಾಗೆ ಮುಂದಿನ ಹಾಡಿಗೂ ಹರಿದು ಬಂತು. ಕಲಾವಿದರು ಬಯಸಿದ್ದೇ ಅದು, ಅಲ್ವಾ?

ಮೊದಲು ವೈರ್ ಇಯರ್‌ಫೋನ್ ಹಾಕಿ ನೋಡಿ. ಬ್ಲೂಟೂತ್‌ನಲ್ಲಿ ಮಾತ್ರ ಕಡಿದರೆ ತೊಂದರೆ ಸ್ಪೀಕರಿನದಿರಬಹುದು.